ಹತ್ತನೆಯ ಹೊರೆ

ಬೆಂಕಿ ಬಿದ್ದಾಗ ಬಾವಿ ತೋಡುವವರಲ್ಲ ನಾವು,
ಬಾವಿಯನ್ನೇ ಹೊಟ್ಟೆಗೆ ಕಟ್ಟಿ ಹಾರಿಸುವವರು
ಎಂದು ಹೊಸ ಹುಡುಗರಿಗೆ ಹೇಳುವುದುಂಟು ನಾನು.
ಆವತ್ತು ಬೆಳಗಿನಿಂದ ಒಂಬತ್ತು ಸಲ ತುಂಬಿಸಿದ್ದೆ,
ಸಲಕ್ಕೆ ಮೂರು ಸಾವಿರ ಲೀಟರು.
ಕೊಳವೆ ಕಳಚಿ ರೆಕ್ಕೆಗೆ ಎರಡು ಬಾರಿ ತಟ್ಟಿದರೆ
ಬೆಲ್ಮಿರೊ ಹೆಬ್ಬೆರಳು ಎತ್ತುತ್ತಿದ್ದ.
ಹತ್ತನೆಯ ಸಲವೂ ಎತ್ತಿದ.

ಗುಡ್ಡದಾಚೆ ನೀಲಗಿರಿ ತೋಪು,
ಮೈಯೆಲ್ಲ ಎಣ್ಣೆಯ ಮರಗಳು, ಸಿಡಿಸಿಡಿದು ಉರಿಯುತ್ತಿದ್ದವು.
ಅದರ ಬುಡಕ್ಕೆ ಕಸಾಲ್ ದೊ ಮೋಶೊ:
ಮೂವತ್ತೊಂದು ಮನೆ, ಒಂದು ಇಗರ್ಜಿ,
ಹನ್ನೊಂದು ಹುಡುಗರು ಎಂದೂ ಕೂಡಿಬಾರದ
ಒಂದು ಫುಟ್‌ಬಾಲ್ ಮೈದಾನ.

ರೇಡಿಯೊದಲ್ಲಿ ಅವನ ದನಿ,
ಮನೆಯಲ್ಲಿ ಹಾಲು ಮುಗಿದಿದೆ ಅನ್ನುವ ಹಾಗೆ:
"ಇಂಜಿನ್ ಹೋಯ್ತು."

ಆಮೇಲೆ ನಲವತ್ತು ಸೆಕೆಂಡು.
ಅಷ್ಟರಲ್ಲಿ ಇಡೀ ಇಂಜಿನ್ನನ್ನು ಮನಸ್ಸಿನಲ್ಲೇ ಬಿಚ್ಚಿ
ಟಾರ್ಪಾಲಿನ ಮೇಲೆ ಹರಡಿದೆ:
ಪಂಪು, ಫಿಲ್ಟರು, ಪೈಪು,
ಮಂಗಳವಾರ ಬಿಗಿದ ಆ ನಟ್ಟು.
ಬಿಗಿದೆನೆ?
ಸ್ಪ್ಯಾನರು ಟಕ್ ಅಂದಿತ್ತಲ್ಲ.
ಅಂದಿತ್ತು. ಅಂದಿರಬೇಕು.
ಇಲ್ಲಾ ಅದು ಯಾರೋ ಕಾಫಿ ಕಪ್ಪು ಇಟ್ಟ ಸದ್ದೋ?

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಅನ್ನುತ್ತಾರೆ.
ನನಗೆ ಎಣ್ಣೆ ಅಂಗೈಯಲ್ಲಿ, ಉಗುರಲ್ಲಿ, ತಿನ್ನುವ ಬ್ರೆಡ್ಡಿನಲ್ಲಿ,
ಕಣ್ಣಲ್ಲಿ ಇತ್ತೋ ಇಲ್ಲವೋ.

ಮೇಲೆ ನಡೆದದ್ದು ಆಮೇಲೆ ತಿಳಿದದ್ದು.
ಮಬ್ಬು ಬಿಲ್ಲೆಯಾಗಿ ತಿರುಗುತ್ತಿದ್ದ ಪಂಕ
ಬಿಡಿಬಿಡಿಯಾಗಿ ಕಾಣತೊಡಗಿತಂತೆ.
ಹದಿನೆಂಟು ವರ್ಷದಲ್ಲಿ ಅದರ ಅಲಗುಗಳನ್ನು
ಆಕಾಶದಲ್ಲಿ ಎಣಿಸಿದ್ದು ಅದೇ ಮೊದಲು. ಐದು.
ಬೆಂಕಿ ಇನ್ನು ಮುನ್ನೂರು ಮಾರು ಮುಂದೆ.
ಹೊರೆ ಹೊತ್ತು ಅಲ್ಲಿಯವರೆಗೆ ಹೋದರೆ
ಅಲ್ಲಿಂದ ಬರುವುದು ಅವನ ಹೆಸರು ಮಾತ್ರ.
ಸನ್ನೆ ಎಳೆದ.
ಉರಿಯದ ನೆಲದ ಮೇಲೆ ನೀರು ಬಿತ್ತು;
ಮಳೆ ಅಂದುಕೊಂಡು ಒಬ್ಬಾಕೆ
ಒಗೆದ ಬಟ್ಟೆ ಒಳಗೆ ತರಲು ಓಡಿದಳು.

ಹದ್ದಿನ ಹಾಗೆ ಇಳಿದೆಯಾ ಅಂತ ಕೇಳಿದರೆ ನಗುತ್ತಾನೆ.
"ಅಟ್ಟದಿಂದ ಬಿದ್ದ ಕಬ್ಬಿಣದ ಪೆಟ್ಟಿಗೆಯ ಹಾಗೆ.
ಆದರೆ ಓರೆಯಾಗಿ.
ಆ ಓರೆಯೇ ನಾನು ಕಲಿತ ವಿದ್ಯೆ."

ಮೊದಲು ರೈ ಕೊಯ್ದ ಕೂಳೆ,
ಆಮೇಲೆ ಮೈದಾನ,
ಎಡರೆಕ್ಕೆ ಗೋಲುಕಂಬವನ್ನು ಕಿತ್ತುಕೊಂಡೇ ಹೋಯಿತು.
ಬೇಲಿ ಮುರಿದು ಮೂತಿ ಊರಿ ನಿಂತದ್ದು
ಡೊನಾ ಅಲ್ಬರ್ಟೀನಳ ಎಲೆಕೋಸಿನ ಮಡಿಯಲ್ಲಿ.
ಗುದ್ದಲಿ ಹಿಡಿದೇ ಬಂದವಳು
ಬದುಕಿದ್ದೀಯಾ ಎಂದು ಕೇಳಲಿಲ್ಲ.
"ಒಳಗೆ ನೀರು ಉಳಿದಿದೆಯಾ?" ಅಂದಳು.
ಅವನು ತಲೆಯಾಡಿಸಿದ, ಇಲ್ಲ.
ಆಕೆ ಒಂದು ಕ್ಷಣ ಗುಡ್ಡ ನೋಡಿದಳು,
ಗುದ್ದಲಿ ಒರಗಿಸಿಟ್ಟಳು,
ಮನೆಯಿಂದ ಚೊಂಬು ತುಂಬ ನೀರು ತಂದು
ಅವನಿಗೆ ಕುಡಿಸಿದಳು.

ಆ ಹತ್ತನೆಯ ಹೊರೆ ಬೀಳಬೇಕಿದ್ದ ಇಳಿಜಾರಿನಲ್ಲಿ
ಅರ್ಲಿಂಡೊನ ಜೇನುಪೆಟ್ಟಿಗೆಗಳಿದ್ದವು, ಇಪ್ಪತ್ತಾರು.
ಎರಡನೆಯ ವಿಮಾನ ಬರುವ ಹೊತ್ತಿಗೆ
ಮೇಣ ಕರಗಿ ದಾರಿಗೆ ಹರಿದಿತ್ತು.
ಬೆಂಕಿ ಆ ದಾರಿಯಲ್ಲೇ ನಿಂತಿತು,
ಯಾಕೆ ನಿಂತಿತೋ ಯಾರಿಗೂ ಗೊತ್ತಿಲ್ಲ.

ಲಿಸ್ಬನ್ನಿನಿಂದ ತನಿಖೆಯವರು ಬಂದರು.
ಒಳಗಿನ ಒಂದು ಅಲಗಿನಲ್ಲಿ
ಕೂದಲೆಳೆಯ ಬಿರುಕು, ಎರಕದಲ್ಲೇ ಇದ್ದದ್ದು.
ನಿಮ್ಮ ನಟ್ಟು ಬಿಗಿಯಾಗಿತ್ತು ಅಂದರು.
ಸಹಿ ಹಾಕಿದೆ. ಕೈ ಕುಲುಕಿದರು.
ಆ ರಾತ್ರಿಯೂ ಟಕ್ ಅನ್ನುವ ಸದ್ದಿಗೆ ಎಚ್ಚರವಾಯಿತು.

ಡೊನಾ ಅಲ್ಬರ್ಟೀನ ಕಂಪನಿಗೆ ಬಿಲ್ಲು ಕಳಿಸಿದಳು,
ನಲವತ್ತೊಂದು ಕೋಸು, ಒಂದು ಸಾಲು ಬೇಲಿ.
ಗೋಲುಕಂಬದ ಲೆಕ್ಕ ಹುಡುಗರು ಬೇರೆ ಬರೆದಿದ್ದರು,
ಎದುರಾಳಿ ತಂಡದ ಗೋಲು ಅಂತ.
ಅರ್ಲಿಂಡೊ ಏನೂ ಕೇಳಲಿಲ್ಲ.
ಕ್ರಿಸ್ಮಸ್ಸಿಗೆ ಒಂದು ಸೀಸೆ ಜೇನು ಬಂತು,
ಚೀಟಿಯಲ್ಲಿ ಪೆನ್ಸಿಲಿನ ಅಕ್ಷರ: ಹೋದ ವರ್ಷದ್ದು.

ಸ್ಪ್ಯಾನರುಗಳ ಸಾಲಿನ ಪಕ್ಕ ಇಟ್ಟಿದ್ದೇನೆ.
ಚಳಿಗೆ ಗಟ್ಟಿಯಾಗಿ ಬೆಳ್ಳಗಾಗಿದೆ.
ಮುಚ್ಚಳ ಬಿಗಿಯಾಗಿದೆ,
ದಿನಾ ಒಮ್ಮೆ ಮುಟ್ಟಿ ನೋಡುತ್ತೇನೆ.
ಇನ್ನೂ ತೆರೆದಿಲ್ಲ.