ತಡಕಾಟ

ಬೆಟಗೇರಿ ಬಸ್ ಸ್ಟ್ಯಾಂಡ್ ಹಿಂದ ನಮ್ಮ ಪ್ರೆಸ್ಸು.
ಮೇಜಿನ ಮ್ಯಾಲೆ ಎರಡು ಫೋನು.
ಒಂದು ನಂದು, ಕಂತಿನ್ಯಾಗ ತಗೊಂಡ ಆಂಡ್ರಾಯ್ಡು, ಮೂಲಿ ಒಡದದ್ದು.
ಇನ್ನೊಂದು ಅಂದಾನೆಪ್ಪ ಸಾಹುಕಾರ ತಂದ ಹಳೇ ಐಫೋನು,
ಗಿರಾಕಿ ಕಳಸೂ ಫೋಟೋ ನಮ್ಮದರಾಗ ತೆರಿಯಂಗಿಲ್ಲ ಅಂತ.

ನನ್ನ ಫೋನು ತವರುಮನಿ ಇದ್ದಂಗ.
ಖೋಲಿ ಒಳಗ ಖೋಲಿ, ಅದರೊಳಗ ಇನ್ನೊಂದು,
ಡೌನ್‌ಲೋಡ್ ಅನ್ನೂ ಸಂದಿನ್ಯಾಗ
ಮೂರು ವರ್ಷದ ಕರೆಂಟ್ ಬಿಲ್ಲು,
ಲಗ್ನ ಫೈನಲ್, ಲಗ್ನ ಫೈನಲ್ ಎರಡು, ಲಗ್ನ ಖರೇ ಫೈನಲ್.
ಯಾರೂ ತಡಿಯೂದಿಲ್ಲ. ಹುಡುಕ್ಕೋ ಅಂತೈತಿ, ಅಷ್ಟ.

ಐಫೋನು ಜವಳಿ ಅಂಗಡಿ ಗಾದಿ ಮ್ಯಾಲಿನ ಸಾಹುಕಾರ.
ಒಳಗ ಕಾಲಿಡಗೊಡೂದಿಲ್ಲ.
ಏನು ಬೇಕ್ರೀ ಅಂತೈತಿ. ಹೆಸರು ಹೇಳಿದರ
ಕಣ್ಣು ಮುಚ್ಚಿ ತಗಿಯೂದರಾಗ ತಂದು ಹಾಸತೈತಿ.
ಹೆಸರು ಗೊತ್ತಿಲ್ಲಂದರ
ಸುಮ್ಮ ಕುಂದ್ರತೈತಿ.

ಹತ್ತು ವರ್ಷ ನಾ ನುಡಿಯಾಗ ಹೊಡದದ್ದು
ಎರಡಕ್ಕೂ ಕನ್ನಡ ಅಲ್ಲ:
ಒಳಗ ಏನೋ ಗಿಜಿಬಿಜಿ, ಮ್ಯಾಲೆ ಕನ್ನಡದ ಅಂಗಿ.
ಶಿವಗಣಾರಾಧನೆ ಅಂತ ಹುಡುಕಿದರ
ಇಲ್ಲ ಅಂತಾವ, ಅಕ್ಕತಂಗ್ಯಾರಂಗ ಒಂದ ದನಿಲೆ.

ನನಗ ಅಚ್ಚಿನ ಕೆಲಸ ಕಲಿಸಿದವರು ಇಮಾಮಸಾಬ ನದಾಫ.
ಕಟ್ಟಿಗಿ ಕೇಸಿನ್ಯಾಗ ಒಂದೊಂದು ಮೊಳಿಗೂ ಒಂದೊಂದು ಮನಿ.
ಗಿರಾಕಿ ಜೋಡಿ ಜ್ವಾಳದ ರೇಟು ಮಾತಾಡಕೋತ ನಿಂತರ
ಬಲಗೈ ತಾನ ಹೋಗಿ ತಾನ ಬರತಿತ್ತು.
ಸಂಜಿಗೆ ಬಿಚ್ಚಿದ ಮೊಳಿ ತಿರುಗಿ ಅದರದರ ಮನಿಗೆ.
"ಜೋಡಸೂದು ಅರ್ಧ ಕೆಲಸ ಕಸ್ತೂರೀ,
ತಿರುಗಿ ಇಡೂದು ಇನ್ನರ್ಧ."
ಆ ಕೇಸು, ಆ ಮೊಳಿ, ಕಿಲೋ ಲೆಕ್ಕದಾಗ ಮಾರಿ
ನನ್ನ ಕಂಪ್ಯೂಟರ್ ಬಂತು.

ಮೊನ್ನೆ ಅವರ ಮಗಳು ಜುಬೇದಾ ಬಂದಳು.
"ಅಪ್ಪಾ ದವಾಖಾನಿಯಿಂದ ನಿಮಗೇನೋ ಮಾತಾಡಿ ಕಳಿಸಿದ್ದರಂತ.
ಅವರ ದನಿ ನಮ್ಮ ಹತ್ರ ಒಂದೂ ಉಳದಿಲ್ಲ."

ಪ್ರೆಸ್ಸಿನ ನಂಬರು ಐಫೋನಿಗೆ ಹೋದಾಗ
ಹಳೇ ಮಾತುಕತಿ ಅಳಿಸಿ ಹೋಗಿದ್ದವು.
ಆದರೂ ಅದರಾಗ ಇಮಾಮ ಅಂತ ಒತ್ತಿದೆ.
ಪೂರಾ ಹೊಡಿಯೂ ಮದಲ ತಂತು: ನಂಬರು, ರಂಜಾನ್ ಕಾರ್ಡಿನ ಪ್ರೂಫು,
ಅಣ್ಣಿಗೇರಿಯ ಇನ್ನೊಬ್ಬ ಇಮಾಮಸಾಬನ ಟೈಲ್ಸ್ ಬಿಲ್ಲು.
ದನಿಗೆ ಅಕ್ಷರ ಎಲ್ಲಿಂದ ಬರಬೇಕು?

ನನ್ನದರಾಗ ಇಳದೆ.
ವಾರಕ್ಕೊಂದು ಫೋಲ್ಡರು. ಯಾರ ಹೆಸರೂ ಇಲ್ಲ, ಬರೇ ಅಂಕಿ.
ಜುಬೇದಾ ಬಾಜೂಕ ಕುಂತಳು, ಚಹಾ ಆರಿ ಕೆನಿ ಕಟ್ಟಿತು.
ಒಂದೊಂದ ಒತ್ತಿಕೋತ ಹೋದೆ.
ಮುಳಗುಂದದಿಂದ ಯಾರೋ:
"ಮದುಮಗಳು ಮಂಗಳಾ ರೀ, ಮಂಗಲಾ ಅಲ್ಲ!"
ಹಾಲಿನಾಂವನ ಸಿಟ್ಟು.
ಜ್ವರ ಬಂದ ನನ್ನ ಮಗ, ಆಗಿನ್ನೂ ಸಣ್ಣ ದನಿ,
"ಅವ್ವಾ, ಯಾವಾಗ ಬರ್ತಿ?"
ಕೇಳಿದ್ದೊಂದು ಬಿಟ್ಟು ಎಲ್ಲಾ ಸಿಕ್ಕವು.
ಹುಡುಕಾಟ ಬೇಕಾದದ್ದಷ್ಟ ತರತೈತಿ.
ತಡಕಾಟ, ಮರತದ್ದೂ.

ಇಪ್ಪತ್ಮೂರನೇ ವಾರ. ಹನ್ನೊಂದು ಸೆಕೆಂಡು.
ಯಾವುದೋ ಮಶೀನಿನ ಟಿಕ್ ಟಿಕ್, ಆಮ್ಯಾಲೆ ದಮ್ಮು ಹಿಡದ ದನಿ:
"ಕಸ್ತೂರೀ, ಆ ಳ ಎಲ್ಲಾ ತಿರುಗಿ ಮನಿಗೆ ಹಾಕಿದೇನು?
ನಾಳಿಗೆ ಕಮ್ಮಿ ಬೀಳತಾವ ನೋಡು."

ಮೊಳಿ ಗುಜರಿಗೆ ಹೋಗಿ ಆಗಲೇ ಹನ್ನೆರಡು ವರ್ಷ.
ಆವತ್ತು ಉತ್ತರಕ್ಕ ನಾ
ಹಳದಿ ಹೆಬ್ಬೆಟ್ಟು ಒಂದ ಒತ್ತಿ ಕಳಿಸಿದ್ದೆ.

ಜುಬೇದಾ ಎರಡು ಸರ್ತೆ ಕೇಳಿದಳು.
"ನನ್ನ ಹೆಸರು ತಗೀಲಿಲ್ಲ ನೋಡ್ರಿ," ಅಂತ ನಕ್ಕಳು.

ಕಳಸೂ ಮದಲ ಫೈಲಿಗೊಂದು ಹೆಸರು ಬೇಕಿತ್ತು.
ಇಮಾಮಸಾಬ ಅಂದರ ಅಣ್ಣಿಗೇರಿ ಟೈಲ್ಸು ಬರತಾವ.
ಅಪ್ಪ ಅಂದರ ಅಪ್ಪಣ್ಣ, ಅಪ್ಪಾಸಾಬ, ಸಾಲಹಚ್ಚಿ.
ಒಂದ ಅಕ್ಷರ ಹೊಡದೆ: ಳ.
ಕನ್ನಡದಾಗ ಯಾವ ಮಾತೂ ಅದರಿಂದ ಸುರು ಆಗೂದಿಲ್ಲ,
ಯಾವ ಊರೂ, ಯಾವ ಮನಷ್ಯಾನೂ.
ಆ ಫೋನಿಗೂ ಕಳಿಸಿ
ಎರಡರಾಗೂ ಒತ್ತಿ ನೋಡಿದೆ.
ಅವರೊಬ್ಬರ ಬಂದರು.