ಕೀಲು

ದೊಂಗ್‌ಗುವಾನಿನ ಕಾರ್ಖಾನೆಯ ಮೂರನೇ ಮಹಡಿಯಲ್ಲಿ
ಹದಿನೇಳು ವರ್ಷ ಗೊಂಬೆಗಳಿಗೆ ಮಂಡಿ ಕೂಡಿಸಿದವಳು ಗುಯಿಜೆನ್.
ಟಕ್ ಅಂದರೆ ಸರಿ; ಟಿಕ್ ಅಂದರೆ ರದ್ದಿ ಬುಟ್ಟಿಗೆ.
ದಿನಕ್ಕೆ ಎರಡು ಸಾವಿರ ವೀರರು
ಅವಳ ಹೆಬ್ಬೆರಳ ಕೆಳಗೆ
ಮೊದಲ ಸಲ ಮಂಡಿಯೂರಿದರು.

ಈಗ ಬರುವವನಿಗೆ ಕೀಲಿಲ್ಲ.
ಎರಡಡಿ ಎತ್ತರ, ರಾಳದ ಮೈ,
ಹಾರುತ್ತಲೇ ಗಟ್ಟಿಯಾದ ನೀಲಿ ಹೊದಿಕೆ,
ಕಾಲಡಿ ಒಡೆದ ಬಂಡೆ, ಬಂಡೆಗೊಂದು ನಂಬರು.
ಬೆಲೆ ಅವಳ ಐದು ತಿಂಗಳ ಸಂಬಳ,
ಓವರ್‌ಟೈಮ್ ಸೇರಿ.
ಅವಳ ಕೆಲಸ ಬಿಳಿ ಕೈಗವಸು ತೊಟ್ಟು
ಧೂಳೊರೆಸಿ ಫೋಮಿನಲ್ಲಿ ಮಲಗಿಸುವುದು.

ಹೊಸದರಲ್ಲಿ ಕೇಳಿದ್ದಳು:
"ಇದನ್ನು ಮಗು ಹೇಗೆ ಆಡಿಸುತ್ತೆ?"
ಮೇಸ್ತ್ರಿ ನಕ್ಕಿದ್ದ: "ಮಗುವೇ? ಗಾಜಿನಾಚೆ ನಿಲ್ಲಲಿ."

ಪಾಳಿ ಮುಗಿದು ಮೆಟ್ಟಿಲಿಳಿವಾಗ
ಅವಳ ಎಡಮಂಡಿ
ಟಿಕ್ ಅಂತು.