ಅರ್ಧ ಅಂಗಳ

ಇಪ್ಪತ್ತೇಳು ವರ್ಷ ನಿನ್ನ ಅಂಕಪುಸ್ತಕ ಬರೆದೆ, ಆರ್ಲಿಸ್,
ಬೆಂಚಿನ ಪಕ್ಕದ ಮೇಜಿನಲ್ಲಿ,
ಕಿವಿ ಕಿತ್ತುಹೋಗುವ ಹಾರ್ನಿನ ಹತ್ತಿರ.
ನಾಳೆ ನಿನ್ನ ಬೀಳ್ಕೊಡುಗೆ. ಎರಡು ಮಾತಾಡು ಅಂದಿದ್ದಾರೆ.
ನನಗೆ ಬರುವುದು ಪೆನ್ಸಿಲ್ಲಿನ ಗೀಟು ಮಾತ್ರ:
ಬಿದ್ದರೆ ಎರಡು, ಬೀಳದಿದ್ದರೆ ಏನೂ ಇಲ್ಲ.

ನಮ್ಮ ಕಾಲದ ಅಯೋವಾದಲ್ಲಿ ಹುಡುಗಿಯರ ಆಟವೇ ಬೇರೆ.
ಆ ಕಡೆ ಮೂವರು, ಈ ಕಡೆ ಮೂವರು,
ನಡುವೆ ಎರಡಿಂಚು ಅಗಲದ ಗೆರೆ.
ಇಡೀ ಅಂಗಳ ಓಡಿದರೆ ಹುಡುಗಿಯರ ಎದೆ ಒಡೆಯುತ್ತದೆಂದು
ಯಾವನೋ ಡಾಕ್ಟರು ಹೇಳಿದ್ದನಂತೆ,
ಬೆಳಗಿನ ನಾಲ್ಕಕ್ಕೆದ್ದು ಇಪ್ಪತ್ತು ಹಸುಗಳ ಹಾಲು ಕರೆದು
ಶಾಲೆಗೆ ಬರುತ್ತಿದ್ದವರ ಬಗ್ಗೆ.
ನೀನು ಕಾವಲಿನವಳು. ಕಸಿದುಕೊ, ಎರಡೇ ಸಲ ಪುಟಿಸು,
ಗೆರೆಯ ಅಂಚಿಗೆ ಬಾ, ಆಚೆಯವಳಿಗೆ ಕೊಡು, ನಿಲ್ಲು.
ಸೊಂಟದ ಮೇಲೆ ಕೈಯಿಟ್ಟು
ನಿನ್ನದೇ ತಂಡ ಗೆಲ್ಲುವುದನ್ನು ದೂರದಿಂದ ನೋಡು.
ನಾಲ್ಕು ವರ್ಷ ನಿನ್ನ ಹೆಸರಿನ ಮುಂದೆ ಸೊನ್ನೆ.
ಬುಟ್ಟಿಗೆ ಒಮ್ಮೆಯೂ ಎಸೆಯದೆ ಊರಿಗೆಲ್ಲ ಹೆಸರಾದೆ.

ಕಾಲೇಜಿನಲ್ಲಿ ಐವರ ಆಟ.
ಮೊದಲ ದಿನ ಚೆಂಡು ಪುಟಿಸುತ್ತ ಓಡಿಬಂದವಳು
ಗೆರೆಯ ಹತ್ತಿರ ಗಕ್ಕನೆ ನಿಂತೆ,
ಕಾಣದ ಬೇಲಿಗೆ ಮೊಣಕಾಲು ತಾಗಿದ ಹಾಗೆ.
ಹೋಗೇ, ಹೋಗು, ಯಾರೂ ಬೈಯುವುದಿಲ್ಲ!
ಕೋಚ್ ಕೂಗಿದಳು. ನಿನ್ನ ಶೂ ಕಿರ್ರೆಂದಿತು.
ನಕ್ಕವರಲ್ಲಿ ನಾನೂ ಒಬ್ಬಳು.
ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಆಮೇಲೆ ನೀನೇ ಕೋಚ್.
ವ್ಯಾನು ನೀನೇ ಓಡಿಸಬೇಕು,
ಹದಿನಾಲ್ಕು ಜೆರ್ಸಿ ನೀನೇ ಒಗೆಯಬೇಕು.
ಗಂಡಸರ ತಂಡ ಹೋಟೆಲಿಗೆ ನಡೆದರೆ
ನಮಗೆ ನಿನ್ನ ತಾಯಿ ಕಟ್ಟಿಕೊಟ್ಟ ಹ್ಯಾಮ್ ಬನ್ನು.
ನೆಬ್ರಾಸ್ಕದ ಗಡಿಯ ಹಿಮಗಾಳಿಯಲ್ಲಿ
ವ್ಯಾನು ಹಳ್ಳಕ್ಕಿಳಿದ ರಾತ್ರಿ
ಹುಡುಗಿಯರ ಕೈಗೆ ಹಾಳೆ ಕೊಟ್ಟು ಆಟದ ನಕ್ಷೆ ಬರೆಸಿದೆ,
ಹೆದರಿಕೆ ಬೆರಳಿಗಾದರೂ ಇಳಿಯಲಿ ಅಂತ.
ಹಾಳೆ ಮುಗಿದ ಮೇಲೆ ಗಾಜಿನ ಮೇಲೆ,
ಉಸಿರಿನ ಮಂಜಿನಲ್ಲಿ, ಬಾಣದ ಗುರುತುಗಳು.
ಟ್ರ್ಯಾಕ್ಟರು ತಂದ ರೈತ ತಲೆ ಕೆರೆದುಕೊಂಡ.
ಕಣ್ಣನ್ನು ನಂಬಬೇಡಿ, ಸೊಂಟ ನೋಡಿ ಅನ್ನುತ್ತಿದ್ದೆ;
ಕಣ್ಣು ಸುಳ್ಳಾಡುತ್ತದೆ, ಸೊಂಟಕ್ಕೆ ಬರುವುದಿಲ್ಲ.
ನಾನೂರ ಹನ್ನೆರಡು ಗೆಲುವು, ಮುನ್ನೂರ ಆರು ಸೋಲು.
ಎರಡು ಸಲ ಕೂಡಿಸಿ ನೋಡಿದ್ದೇನೆ.

ಆಮೇಲೆ ಮಹಡಿಯ ಕೋಣೆ, ಬಾಗಿಲಿಗೆ ಹಿತ್ತಾಳೆಯ ಹೆಸರು,
ಕ್ರೀಡಾ ನಿರ್ದೇಶಕಿ.
ಕಿಟಕಿಯಿಂದ ಅಂಗಳ ಕಾಣದು, ಕಾರು ನಿಲ್ಲಿಸುವ ಜಾಗ ಕಾಣುತ್ತದೆ.
ಸೋರುವ ಚಾವಣಿ, ವಿಮೆ, ದಾನಿಗಳ ಜೊತೆ ಒಣ ಕೋಳಿಮಾಂಸ.
ಒಂದು ಫೆಬ್ರವರಿ ಹಣ ಸಾಲದೆ ಕುಸ್ತಿ ತಂಡ ಮುಚ್ಚಿದೆ.
ಅಯೋವಾದಲ್ಲಿ ಕುಸ್ತಿ ಮುಚ್ಚುವುದೆಂದರೆ
ಚರ್ಚಿನ ಗಂಟೆ ಮಾರಿದ ಹಾಗೆ.
ಜಜ್ಜಿದ ಕಿವಿಯ ಹನ್ನೊಂದು ಹುಡುಗರು
ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು.
ಪತ್ರ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು.
ನೀನು ಇಳಿದು ಹೋಗಿ ನಡುವೆ ಕೂತೆ.
ಆಡಬೇಡ ಅಂದರೆ ಹೇಗಿರುತ್ತದೆ, ನಿಮಗೇನು ಗೊತ್ತು?
ಒಬ್ಬ ಕೇಳಿದ. ಡೆಲ್ಮರ್ ಹೂಕ್ಸ್ಟ್ರಾನ ಮಗ.
ಗೆರೆಯ ಕಥೆ ಹೇಳುತ್ತೀಯೆಂದು ಕಾದೆ.
ನೀನು ಹೇಳಲಿಲ್ಲ.
ಡೆಲ್ಮರ್ ಇವತ್ತಿಗೂ ನಿನ್ನನ್ನು ಕಂಡರೆ
ಚರ್ಚಿನಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾನೆ.

ಇವತ್ತು ಸಂಜೆ ಭಾಷಣ ಹುಡುಕುತ್ತ ಜಿಮ್ಮಿಗೆ ಬಂದೆ.
ಹೊಸ ನೆಲ, ಬಣ್ಣದ ವಾಸನೆ.
ಮಂಡಿಯೂರಿ ಗೆರೆ ಎಳೆಯುತ್ತಿದ್ದ ಹುಡುಗ
ಕಾಲುಚೀಲದಲ್ಲಿ ನಡೆದುಬಂದ ನಿನಗೆ ಹೇಳಿದ:
ಒಣಗುವ ತನಕ ದಾಟಬೇಡಿ, ಮೇಡಂ.

ನೀನು ನಕ್ಕೆ. ಗೋಡೆಗೆ ಒರಗಿ,
ಬಾಯಿಗೆ ಅಂಗೈ ಒತ್ತಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ.
ಪಾಪ, ಹುಡುಗ ತಾನೇನು ತಪ್ಪು ಹೇಳಿದೆನೆಂದು
ಬ್ರಶ್ಶನ್ನೇ ನೋಡುತ್ತಿದ್ದ.
ನನ್ನ ಹತ್ತಿರ ಪೆನ್ಸಿಲ್ ಇರಲಿಲ್ಲ.